ಹುಂಜ, ನಾಯಿ, ಹಗ್ಗ: ಹಟ್ಟಿಯಂಗಳದ ಕಾರ್ಟೂನ್ ಹಾಸ್ಯವನ್ನು 480 ಫ್ರೇಮುಗಳಲ್ಲಿ ಕಟ್ಟುವುದು

ವಾರ್ನರ್ ಬ್ರದರ್ಸ್ 1946ರಲ್ಲಿ ಬಿಡುಗಡೆ ಮಾಡಿದ 'ವಾಕಿ ಟಾಕಿ ಹಾಕಿ' ಸುಮಾರು ಏಳು ನಿಮಿಷದ ಕಾರ್ಟೂನು. ನಿರ್ದೇಶನ ರಾಬರ್ಟ್ ಮೆಕಿಮ್ಸನ್, ದನಿ ಮೆಲ್ ಬ್ಲಾಂಕ್, ಸಂಗೀತ ಕಾರ್ಲ್ ಸ್ಟಾಲಿಂಗ್. ಫಾಗ್‌ಹಾರ್ನ್ ಲೆಗ್‌ಹಾರ್ನ್ ಎಂಬ ಬಾಯಿಬಡುಕ ಹುಂಜ ಮೊದಲು ಕಾಣಿಸಿಕೊಂಡಿದ್ದು ಅದರಲ್ಲೇ. ಆ ಚಿತ್ರ ಆಸ್ಕರ್‌ಗೆ ನಾಮನಿರ್ದೇಶನವಾಯಿತು, ಹುಂಜ ಮತ್ತು ಹಟ್ಟಿ ನಾಯಿಯ ಜಗಳ ಮುಂದೆ ವರ್ಷಗಟ್ಟಲೆ ನಡೆಯಿತು. ಆ ಜಗಳದ ಬೆನ್ನೆಲುಬು ಒಂದೇ ಒಂದು ಗ್ಯಾಗ್, ಅಂದರೆ ನಗಿಸುವ ಪುಟ್ಟ ಪ್ರಸಂಗ: ಮಲಗಿದ ನಾಯಿಯ ಹಿಂಭಾಗಕ್ಕೆ ಹುಂಜ ಹಲಗೆಯಿಂದ ಬಾರಿಸುತ್ತದೆ, ನಾಯಿ ಅಟ್ಟಿಸಿಕೊಂಡು ಬರುತ್ತದೆ, ಕೊರಳಿನ ಹಗ್ಗ ಮುಗಿಯುತ್ತದೆ, ಹಗ್ಗದ ಅಳತೆ ಗೊತ್ತಿರುವ ಹುಂಜ ಅದರಾಚೆ ನಿಂತು ಬುದ್ಧಿ ಹೇಳುತ್ತದೆ.

ಅನಿಮೇಷನ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ. ನಿದ್ದೆ, ಕಳ್ಳಹೆಜ್ಜೆ, ಪೆಟ್ಟು, ಬೆಚ್ಚುವಿಕೆ, ಓಟ, ದಿಢೀರ್ ನಿಲುಗಡೆ, ಮಾತು, ಎಲ್ಲವೂ ಇಪ್ಪತ್ತೇ ಸೆಕೆಂಡಿನಲ್ಲಿ ಬರುತ್ತವೆ. ಅದೇ ಪಾತ್ರಗಳನ್ನು ನಕಲು ಮಾಡಬೇಡಿ. ಅವು ಸ್ಟುಡಿಯೋದ ಸ್ವತ್ತು. ಗ್ಯಾಗಿನ ಕಟ್ಟಡವನ್ನಷ್ಟೇ ತೆಗೆದುಕೊಂಡು ನಿಮ್ಮದೇ ಹುಂಜ, ನಿಮ್ಮದೇ ನಾಯಿ ಬಿಡಿಸಿ. ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ: ಈ ಗ್ಯಾಗಿನ ನಗು ಚಿತ್ರದ ಅಂದದಲ್ಲಿಲ್ಲ, ಫ್ರೇಮ್ ಲೆಕ್ಕದಲ್ಲಿದೆ. ಆದ್ದರಿಂದ ಲೆಕ್ಕ ಮೊದಲು, ಪೆನ್ಸಿಲ್ ಆಮೇಲೆ.

ಸಾಮಾನು

ಕಾಗದದ ಮೇಲೆ ಮಾಡುವವರಿಗೆ 70 ಅಥವಾ 75 ಜಿಎಸ್‌ಎಂ ಎ4 ಹಾಳೆ ಸಾಕು. ಅದಕ್ಕಿಂತ ದಪ್ಪವಾದರೆ ಕೆಳಗಿನ ಗೆರೆ ಕಾಣುವುದಿಲ್ಲ. ಹಾಳೆಗಳು ಅಲುಗದಂತೆ ಹಿಡಿಯಲು ಪೆಗ್ ಬಾರ್ ಬೇಕು. ಸ್ಟುಡಿಯೋಗಳಲ್ಲಿ ನಡುವೆ ಒಂದು ಗುಂಡು, ಅಕ್ಕಪಕ್ಕ ಎರಡು ಚಪ್ಪಟೆ ಗೂಟಗಳಿರುವ ಆಕ್ಮೆ ಪೆಗ್ ಬಳಸುತ್ತಾರೆ, ಅದರ ಪಂಚಿಂಗ್ ಯಂತ್ರ ದುಬಾರಿ. ಕಚೇರಿಯ ಸಾಮಾನ್ಯ ಎರಡು ತೂತಿನ ಪಂಚ್ 80 ಮಿ.ಮೀ. ಅಂತರದಲ್ಲಿ ಸುಮಾರು 6 ಮಿ.ಮೀ. ತೂತು ಹಾಕುತ್ತದೆ. ಒಂದು ಮರದ ಪಟ್ಟಿಯಲ್ಲಿ ಅಷ್ಟೇ ಅಂತರಕ್ಕೆ ಎರಡು ಗೂಟ ಕೂರಿಸಿದರೆ ಕೆಲಸ ನಡೆಯುತ್ತದೆ. ನಿಮ್ಮ ಪಂಚಿನ ತೂತನ್ನು ಅಳೆದು, ಅದರೊಳಗೆ ಬಿಗಿಯಾಗಿ ಕೂರುವ ಗೂಟವನ್ನೇ ಆರಿಸಿ. ಅರ್ಧ ಮಿಲಿಮೀಟರ್ ಸಡಿಲವಿದ್ದರೂ ಪರದೆಯ ಮೇಲೆ ಇಡೀ ಚಿತ್ರ ನಡುಗುತ್ತದೆ, ಆ ನಡುಕವನ್ನು ಆಮೇಲೆ ತೆಗೆಯುವುದು ಬಿಡಿಸಿದ್ದಕ್ಕಿಂತ ದೊಡ್ಡ ಕೆಲಸ. ಪಂಚಿಗೆ ಒಮ್ಮೆಗೆ ನಾಲ್ಕೈದು ಹಾಳೆಗಿಂತ ಹೆಚ್ಚು ಕೊಡಬೇಡಿ, ಕೆಳಗಿನವು ಜಾರುತ್ತವೆ.

ಸ್ಕ್ಯಾನ್ ಮಾಡುವಾಗ 200 ಡಿಪಿಐ ಇಡಿ. ಎ4 ಹಾಳೆಯ ಉದ್ದ 11.7 ಇಂಚು, ಅಂದರೆ ಸುಮಾರು 2,340 ಪಿಕ್ಸೆಲ್ ಸಿಗುತ್ತದೆ. 1920 ಅಗಲದ ಚೌಕಟ್ಟಿಗೆ ಸ್ವಲ್ಪ ಉಳಿತಾಯವೂ ಆಗುತ್ತದೆ. 150 ಡಿಪಿಐನಲ್ಲಿ 1,755 ಮಾತ್ರ ಬರುವುದರಿಂದ ಗೆರೆ ಮಸುಕಾಗುತ್ತದೆ.

ಚಿತ್ರ ಬಿಡಿಸುವ ಟ್ಯಾಬ್ಲೆಟ್ ಇದ್ದವರಿಗೆ ಓಪನ್‌ಟೂನ್ಜ್ ಮತ್ತು ಕ್ರಿತಾ ಎಂಬ ಎರಡು ಸಾಫ್ಟ್‌ವೇರ್‌ಗಳೂ ಉಚಿತ. ಈ ಕೆಲಸಕ್ಕೆ ಓಪನ್‌ಟೂನ್ಜ್ ಮೇಲು, ಏಕೆಂದರೆ ಅದರಲ್ಲಿ ಹಳೆಯ ಸ್ಟುಡಿಯೋಗಳ ಎಕ್ಸ್‌ಪೋಷರ್ ಶೀಟೇ (ಯಾವ ಫ್ರೇಮಿಗೆ ಯಾವ ಚಿತ್ರ ಎಂದು ಬರೆದಿಡುವ ಪಟ್ಟಿ) ಮುಖ್ಯ ಕಿಟಕಿ: ಸಾಲು ಎಂದರೆ ಫ್ರೇಮು, ಕಂಬ ಎಂದರೆ ಲೇಯರು. ಯಾವುದನ್ನೇ ಬಳಸಿ, ಮೊದಲ ಗೆರೆ ಎಳೆಯುವ ಮುನ್ನವೇ ಸೆಕೆಂಡಿಗೆ 24 ಫ್ರೇಮ್ ಎಂದು ನಿಗದಿ ಮಾಡಿ. 30ರಲ್ಲಿ ಶುರುಮಾಡಿ ಕೊನೆಗೆ 24ಕ್ಕೆ ಬದಲಿಸಿದರೆ ಪ್ರತಿ ಐದರಲ್ಲಿ ಒಂದು ಚಿತ್ರ ಮಾಯವಾಗುತ್ತದೆ. ಹಾಗೆ ಮಾಯವಾಗುವುದು ಪೆಟ್ಟಿನ ಚಿತ್ರವೇ ಆಗಿರಬಹುದು.

ತಾಳ ಮತ್ತು ಶೀಟು

1940ರ ದಶಕದ ನಿರ್ದೇಶಕರು ಚಿತ್ರವನ್ನು ಸಂಗೀತದ ಹಾಗೆ ಬರೆಯುತ್ತಿದ್ದರು. ಒಂದು ತಾಳಕ್ಕೆ ಎಷ್ಟು ಫ್ರೇಮ್ ಎಂದು ಮೊದಲೇ ತೀರ್ಮಾನವಾಗುತ್ತಿತ್ತು. ವಾದ್ಯಗಾರರು ಕಿವಿಯಲ್ಲಿ ಟಿಕ್ ಟಿಕ್ ಸದ್ದು ಕೇಳುತ್ತಾ ಅದೇ ಲೆಕ್ಕಕ್ಕೆ ನುಡಿಸುತ್ತಿದ್ದರು. ಆ ಟಿಕ್ ಪದ್ಧತಿಯನ್ನು ಕಾರ್ಟೂನಿಗೆ ತಂದವರಲ್ಲಿ ಸ್ಟಾಲಿಂಗ್ ಪ್ರಮುಖರು. ಲೆಕ್ಕ ಸುಲಭ: ಒಂದು ನಿಮಿಷದ ಒಟ್ಟು ಫ್ರೇಮುಗಳಾದ 1440ನ್ನು ತಾಳದ ಫ್ರೇಮ್ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ತಾಳ ಎಂದು ಸಿಗುತ್ತದೆ. 12 ಫ್ರೇಮಿಗೆ 120, 8 ಫ್ರೇಮಿಗೆ 180, 16 ಫ್ರೇಮಿಗೆ 90.

ನಾವು 12 ಫ್ರೇಮ್ ತಾಳ ಇಟ್ಟುಕೊಳ್ಳೋಣ. 20 ಸೆಕೆಂಡ್ ಎಂದರೆ 480 ಫ್ರೇಮ್, 40 ತಾಳ. ಶೀಟಿನಲ್ಲಿ ಹೀಗೆ ಹಂಚಿ:

1–48: ನಾಯಿ ನಿದ್ದೆ
49–120: ಹುಂಜ ಕಳ್ಳಹೆಜ್ಜೆಯಲ್ಲಿ ಬರುವುದು, ಆರು ಹೆಜ್ಜೆ
121–144: ಹಲಗೆ ಎತ್ತುವುದು, ತಡೆಯುವುದು
145–156: ಪೆಟ್ಟು
157–180: ನಾಯಿ ಬೆಚ್ಚುವುದು
181–192: ಹುಂಜ ಕಾಲ್ಕೀಳುವುದು
193–204: ನಾಯಿ ಓಟಕ್ಕೆ ಸಜ್ಜಾಗುವುದು
205–264: ಅಟ್ಟಾಟ
265–288: ಹಗ್ಗ ಮುಗಿಯುವುದು
289–312: ನಾಯಿ ತಲೆ ತಿರುಗಿ ಕೂರುವುದು
313–408: ಹುಂಜದ ಮಾತು
409–468: ಹುಂಜ ಬೀಗುತ್ತಾ ಹೊರಟುಹೋಗುವುದು
469–480: ಕೊನೆಯ ತಾಳ, ಹಗ್ಗದ ಮಿಡಿತ

ಎಲ್ಲಾ ಗಡಿಗಳೂ 12ರ ಗುಣಕದಲ್ಲೇ ಮುಗಿಯುವುದನ್ನು ಗಮನಿಸಿ. ಆಮೇಲೆ ಯಾವ ಸಂಗೀತ ಕೂರಿಸಿದರೂ ಪೆಟ್ಟು ತಾಳದ ಮೇಲೆ ಬೀಳುತ್ತದೆ.

480 ಫ್ರೇಮಿಗೆ 480 ಚಿತ್ರ ಬೇಕಿಲ್ಲ. ನಿಧಾನದ ಚಲನೆಗಳಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮ್ ತೋರಿಸಿ. ಓಟ, ಪೆಟ್ಟು, ಹಗ್ಗದ ಎಳೆತಕ್ಕೆ ಮಾತ್ರ ಫ್ರೇಮಿಗೊಂದು ಚಿತ್ರ. ನಿದ್ದೆಗೆ ಆರು ಚಿತ್ರ ಸಾಕು, ಹೋಗಿಬರುವಂತೆ ಓಡಿಸಿ. ಉಸಿರು ಒಳಗೆ 20 ಫ್ರೇಮ್, ಹೊರಗೆ 28. ಎರಡೂ ಸಮನಾದರೆ ನಾಯಿ ಪಂಪಿನಂತೆ ಕಾಣುತ್ತದೆ. ಒಟ್ಟಾರೆ 130ರಿಂದ 150 ಚಿತ್ರಗಳಲ್ಲಿ ಇಡೀ ಗ್ಯಾಗ್ ಮುಗಿಯುತ್ತದೆ.

ಹುಂಜದ ಕಾಲು, ಕತ್ತು

ಕೋಳಿಯ ಕಾಲಿನಲ್ಲಿ ಹಿಂದಕ್ಕೆ ಮಡಚುವ ಮೊಣಕಾಲು ಎಂದು ಕಾಣುವುದು ನಿಜವಾಗಿ ಪಾದದ ಗಂಟು. ಅಸಲಿ ಮೊಣಕಾಲು ಮೇಲೆ ಗರಿಗಳೊಳಗೆ ಅಡಗಿದೆ, ಅದು ಮುಂದಕ್ಕೇ ಮಡಚುತ್ತದೆ. ಇದನ್ನು ಮರೆತು ತೊಡೆಯನ್ನು ನೇರ ಕೋಲಿನಂತೆ ಬಿಡಿಸಿದರೆ ಹುಂಜ ಕುಳಿತಾಗ ಕಾಲಿಗೆ ಜಾಗವೇ ಇರುವುದಿಲ್ಲ. ಮೂರು ಬೆರಳು ಮುಂದೆ, ಒಂದು ಹಿಂದೆ. ಪಾದ ನೆಲ ಬಿಟ್ಟೊಡನೆ ಬೆರಳುಗಳು ಮುಷ್ಟಿಯಂತೆ ಮುಚ್ಚಿಕೊಳ್ಳಬೇಕು, ಇಳಿಯುವ ಎರಡು ಫ್ರೇಮ್ ಮುಂಚೆ ಅರಳಬೇಕು. ಈ ಒಂದು ವಿವರ ಸೇರಿದರೆ ಸಾಕು, ಗೆರೆ ಒರಟಾಗಿದ್ದರೂ ಅದು ಕೋಳಿಯೇ.

ಕತ್ತಿನ ಆಟದಲ್ಲಿ ಬಹಳ ಜನ ತಪ್ಪುತ್ತಾರೆ. ಕೋಳಿ ನಡೆಯುವಾಗ ತಲೆ ಮುಂದಕ್ಕೂ ಹಿಂದಕ್ಕೂ ಆಡುವುದಿಲ್ಲ. ತಲೆ ಒಂದೇ ಜಾಗದಲ್ಲಿ ನಿಲ್ಲುತ್ತದೆ, ಮೈ ಅದರ ಕೆಳಗೆ ಮುಂದೆ ಸಾಗುತ್ತದೆ, ಆಮೇಲೆ ತಲೆ ಒಮ್ಮೆಲೇ ಮುಂದಕ್ಕೆ ಚಿಮ್ಮುತ್ತದೆ. ಕಣ್ಣಿನ ಮುಂದಿನ ದೃಶ್ಯ ಸ್ಥಿರವಾಗಿರಲೆಂದು ಹಕ್ಕಿ ಹೀಗೆ ಮಾಡುತ್ತದೆ. 12 ಫ್ರೇಮಿನ ಹೆಜ್ಜೆಯಲ್ಲಿ ಎಂಟು ಫ್ರೇಮ್ ತಲೆ ನಿಲ್ಲಲಿ, ನಾಲ್ಕು ಫ್ರೇಮಿನಲ್ಲಿ ಚಿಮ್ಮಲಿ. ನಿಂತಲ್ಲೇ ನಡೆಯುವ ಸೈಕಲ್ (ಮತ್ತೆ ಮತ್ತೆ ಸುತ್ತಿಸುವ ಚಿತ್ರಗಳ ಸರಣಿ) ಬಿಡಿಸುತ್ತಿದ್ದರೆ ಆ ಎಂಟು ಫ್ರೇಮ್‌ಗಳಲ್ಲಿ ತಲೆ ನೆಲದ ವೇಗದಲ್ಲೇ ಹಿಂದೆ ಸರಿಯಬೇಕು, ಆಗಲೇ ಹಿನ್ನೆಲೆ ಜೋಡಿಸಿದಾಗ ತಲೆ ನಿಂತಂತೆ ಕಾಣುತ್ತದೆ.

ಕಳ್ಳಹೆಜ್ಜೆಗೂ 12 ಫ್ರೇಮೇ, ಹಂಚಿಕೆ ಮಾತ್ರ ಬೇರೆ: ನಾಲ್ಕು ಫ್ರೇಮಿನಲ್ಲಿ ಕಾಲು ಎತ್ತರಕ್ಕೆ ಏರಿ, ಐದು ಫ್ರೇಮ್ ಅಲ್ಲೇ ತೂಗಿ, ಮೂರು ಫ್ರೇಮಿನಲ್ಲಿ ಮೆಲ್ಲಗೆ ಊರಬೇಕು. ಸಮನಾಗಿ ಹಂಚಿದರೆ ಅದು ಬರೀ ನಿಧಾನ ನಡಿಗೆ. ಕಳ್ಳತನ ಕಾಣುವುದು ಮೇಲೆ ತಡೆದಾಗಲೇ. ಕಳ್ಳಹೆಜ್ಜೆಯಲ್ಲಿ ಬಾಲದ ಗರಿಗಳು ನೆಲದತ್ತ ಬಾಗಿರಲಿ, ಕೊನೆಗೆ ಬೀಗಿ ಹೊರಡುವಾಗ ಆಕಾಶ ನೋಡಲಿ. ಆ ಒಂದೇ ಬದಲಾವಣೆ ಹುಂಜದ ಮನಸ್ಸನ್ನು ಹೇಳುತ್ತದೆ.

ಪೆಟ್ಟು

ಹತ್ತು ಫ್ರೇಮಿನಲ್ಲಿ ಹಲಗೆ ಮೇಲೇರುತ್ತದೆ, ಉಳಿದ 14 ಫ್ರೇಮ್ ತಡೆ. ಪ್ರೇಕ್ಷಕ ಮುಂದೇನಾಗುತ್ತದೆಂದು ಊಹಿಸಿ ಒಳಗೊಳಗೇ ನಗಲು ಶುರುಮಾಡುವುದು ಈ ತಡೆಯಲ್ಲಿ. ಎಂಟು ಫ್ರೇಮಿಗೆ ಇಳಿಸಿದರೆ ಭಂಗಿ ಕಣ್ಣಿಗೆ ಬೀಳುವಷ್ಟರಲ್ಲಿ ಮುಗಿದಿರುತ್ತದೆ, ಮೂವತ್ತಕ್ಕೆ ಏರಿಸಿದರೆ ಅನಿಮೇಷನ್ ನಿಂತುಹೋಯಿತೇ ಎಂಬ ಅನುಮಾನ ಬರುತ್ತದೆ. ತಡೆಯಲ್ಲೂ ಚಿತ್ರ ಪೂರ್ತಿ ಕಲ್ಲಾಗಬಾರದು. ಹಲಗೆ ಇನ್ನೂ ನಾಲ್ಕೈದು ಪಿಕ್ಸೆಲ್ ಹಿಂದೆ ಜಾರುತ್ತಿರಲಿ.

ಬೀಸು ಮೂರೇ ಫ್ರೇಮ್. ಮೊದಲನೆಯದರಲ್ಲಿ ಹಲಗೆ ಮೇಲೆಯೇ ಇದೆ, ಹುಂಜದ ಸೊಂಟ ಮಾತ್ರ ತಿರುಗಿದೆ. ಎರಡನೆಯದರಲ್ಲಿ ಹಲಗೆ ಹಲಗೆಯಾಗಿ ಉಳಿದಿಲ್ಲ, ಕಮಾನಿನುದ್ದಕ್ಕೂ ಹರಡಿದ ಬಣ್ಣದ ಪಟ್ಟಿ. ಮೂರನೆಯದರಲ್ಲಿ ನಾಯಿಯ ಹಿಂಭಾಗ ಆಗಲೇ ಚಪ್ಪಟೆ. ಹಲಗೆ ಮೈಗೆ ಮೆಲ್ಲಗೆ ತಾಗುವ ಚಿತ್ರವನ್ನು ಬಿಡಿಸಲೇಬೇಡಿ. ಆ ಒಂದು ಚಿತ್ರ ಸೇರಿದರೆ ಹಲಗೆ ಕೊನೆಯಲ್ಲಿ ವೇಗ ಕಳೆದುಕೊಂಡು ದಿಂಬಿನಂತೆ ಕೂರುತ್ತದೆ. ಎರಡು ಮುಖ್ಯ ಚಿತ್ರಗಳ ನಡುವೆ ಸಾಫ್ಟ್‌ವೇರ್ ತಾನೇ ತುಂಬುವ ಇನ್‌ಬಿಟ್ವೀನ್‌ಗಳ ದೊಡ್ಡ ದೋಷವೂ ಇದೇ, ಅವು ಎರಡೂ ತುದಿಗಳನ್ನು ಮೆತ್ತಗೆ ಮಾಡುತ್ತವೆ.

ಹಿಂಭಾಗ ಚಪ್ಪಟೆಯಾದರೆ ಅಷ್ಟೇ ಅಗಲವೂ ಆಗಬೇಕು. ಮೈಯ ಗಾತ್ರ ಕಡಿಮೆಯಾದಂತೆ ಕಂಡರೆ ನಾಯಿ ಗಾಳಿ ಹೋದ ಚೀಲದಂತಾಗುತ್ತದೆ. ಹಳಬರು ಪೆಟ್ಟಿನ ಜಾಗದಲ್ಲಿ ಒಂದೆರಡು ಬಿಳಿ ಫ್ರೇಮ್ ಸೇರಿಸುವುದಿತ್ತು. ನೀವೂ ಸೇರಿಸಬಹುದು, ಆದರೆ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮಿಂಚು ಬೇಡ. ಮೂರ್ಛೆರೋಗ ಇರುವವರಿಗೆ ಅದು ಅಪಾಯ.

ಬೆಚ್ಚುವುದು

ಇಡೀ ಗ್ಯಾಗಿನಲ್ಲಿ ಹೆಚ್ಚು ಹೊತ್ತು ಕೂರಬೇಕಾದದ್ದು ಈ 24 ಫ್ರೇಮಿನ ಮೇಲೆ. ಪೆಟ್ಟು ಬಿದ್ದಿದ್ದು ಹಿಂದೆ, ಗೊತ್ತಾಗಬೇಕಾದದ್ದು ತಲೆಗೆ. ಎರಡರ ನಡುವಿನ ತಡ ದೊಡ್ಡ ಹಾಸ್ಯ. ಪೆಟ್ಟಿನ ಅಲೆ ಬೆನ್ನಿನ ಮೇಲೆ ಉಬ್ಬಾಗಿ ಆರು ಫ್ರೇಮಿನಲ್ಲಿ ಕುತ್ತಿಗೆಗೆ ತಲುಪಲಿ. ಅಷ್ಟೂ ಹೊತ್ತು ಮುಖ ನಿದ್ದೆಯಲ್ಲೇ ಇರಲಿ, ಗೊರಕೆ ಕೂಡ ನಿಲ್ಲದಿರಲಿ. ಅಲೆ ತಲೆಗೆ ತಾಕಿದ ಮೇಲೆ ನಾಲ್ಕು ಫ್ರೇಮ್ ತಲೆ ಕುಗ್ಗಿ ಹಿಸುಕಿದಂತಾಗಬೇಕು, ಕಣ್ಣು ಬಿಗಿಯಾಗಿ ಮುಚ್ಚಬೇಕು. ನಂತರ ಮೂರು ಫ್ರೇಮಿನಲ್ಲಿ ಉದ್ದಕ್ಕೆ ಚಿಮ್ಮಬೇಕು: ಕಿವಿ ಕೆಳಗೇ ಉಳಿದಿರುತ್ತದೆ, ಕಣ್ಣು ಅಗಲ. ಉಳಿದ 11 ಫ್ರೇಮ್‌ಗಳಲ್ಲಿ ತಲೆ ಸಹಜ ಎತ್ತರಕ್ಕೆ ಇಳಿದು ನಿಲ್ಲುತ್ತದೆ, ಕಿವಿಗಳು ಮೂರು ನಾಲ್ಕು ಫ್ರೇಮ್ ತಡವಾಗಿ ಬಂದು ಬೀಳುತ್ತವೆ.

ಕುಗ್ಗುವ ನಾಲ್ಕು ಫ್ರೇಮ್ ಬಿಟ್ಟು ನೇರ ಚಿಮ್ಮಿಸುವುದು ಹೊಸಬರ ಸಾಮಾನ್ಯ ಅವಸರ. ಕುಗ್ಗಿದಷ್ಟೇ ಚಿಮ್ಮಲು ಸಾಧ್ಯ. ಬೆಚ್ಚಿದ್ದು ಸಪ್ಪೆ ಎನಿಸಿದರೆ ಮೇಲಿನ ಚಿತ್ರ ಇನ್ನೂ ಎತ್ತರಿಸಬೇಡಿ, ಕೆಳಗಿನ ಚಿತ್ರವನ್ನು ಇನ್ನೂ ಕುಗ್ಗಿಸಿ ನೋಡಿ.

ಅಟ್ಟಾಟ ಮತ್ತು ಬೇಲಿ

ನಾಯಿಯ ಓಟಕ್ಕೆ 12 ಚಿತ್ರದ ಸೈಕಲ್, ಫ್ರೇಮಿಗೊಂದು, ಐದು ಸುತ್ತು. ಹಿನ್ನೆಲೆ ಫ್ರೇಮಿಗೆ 40 ಪಿಕ್ಸೆಲ್ ಸರಿಯಲಿ. 60 ಫ್ರೇಮಿಗೆ 2,400 ಪಿಕ್ಸೆಲ್ ಆಗುತ್ತದೆ, ಚೌಕಟ್ಟಿನ 1,920 ಸೇರಿಸಿ, ನಿಲ್ಲುವಾಗ ಬೇಕಾದ ಜಾಗವನ್ನೂ ಕೂಡಿಸಿ 4,600 ಪಿಕ್ಸೆಲ್ ಅಗಲದ ಹಿನ್ನೆಲೆ ಬಿಡಿಸಿ. ನೆಲಕ್ಕೆ ತಾಗಿರುವ ಪಂಜವೂ ಅಷ್ಟೇ 40 ಪಿಕ್ಸೆಲ್‌ನಂತೆ ಹಿಂದೆ ಹೋಗಬೇಕು. 30 ಹೋದರೆ ನಾಯಿ ಮಂಜುಗಡ್ಡೆಯ ಮೇಲೆ ಜಾರಿದಂತೆ ಕಾಣುತ್ತದೆ.

ಹಟ್ಟಿಯಂಗಳ ಎಂದೊಡನೆ ಎಲ್ಲರೂ ಮರದ ಪಟ್ಟಿಯ ಬೇಲಿ ಬಿಡಿಸುತ್ತಾರೆ, ಅಲ್ಲೊಂದು ಬಲೆ ಇದೆ. ಪಟ್ಟಿಗಳ ಅಂತರ ಸರಿಯಾಗಿ 40 ಪಿಕ್ಸೆಲ್ ಆದರೆ ಪ್ರತಿ ಫ್ರೇಮಿನಲ್ಲೂ ಒಂದು ಪಟ್ಟಿಯ ಜಾಗಕ್ಕೆ ಪಕ್ಕದ್ದು ಬಂದು ಬೇಲಿ ನಿಂತೇ ಇದ್ದಂತೆ ಕಾಣುತ್ತದೆ. 80 ಆದರೆ ಅರ್ಧ ಅಂತರದ ಜಿಗಿತವಾಗಿ ಕಣ್ಣು ಕೋರೈಸುವಷ್ಟು ಮಿಣುಕುತ್ತದೆ. ಅಂತರವನ್ನು 200 ಪಿಕ್ಸೆಲ್ ಮೇಲೆ ಇಡಿ, ಒಂದೊಂದು ಪಟ್ಟಿಯ ಅಗಲ, ಎತ್ತರ, ವಾಲು ಬೇರೆ ಬೇರೆ ಮಾಡಿ, ಅಲ್ಲಲ್ಲಿ ಒಂದು ಪಟ್ಟಿ ಮುರಿದಿರಲಿ. ಹಳೆಯ ಬೇಲಿ ಬಿಡಿಸಲು ಚಂದ, ಲೆಕ್ಕಕ್ಕೂ ಒಳ್ಳೆಯದು.

ಹಗ್ಗ

ಹಗ್ಗ ಇದೆ ಎಂಬುದು ಮೊದಲ ಫ್ರೇಮಿನಿಂದಲೇ ಕಾಣಬೇಕು: ನಾಯಿಗೂಡಿನ ಪಕ್ಕ ಸುರುಳಿ, ಅಲ್ಲಿಂದ ಕೊರಳಿಗೆ ಒಂದು ಗೆರೆ. 265ನೇ ಫ್ರೇಮಿನಲ್ಲಿ ಹಗ್ಗ ಹೊಸದಾಗಿ ಪ್ರತ್ಯಕ್ಷವಾದರೆ ಪ್ರೇಕ್ಷಕನಿಗೆ ಮೋಸವಾದಂತೆ. ಹಾಗೆಯೇ ನಾಯಿ ದಿನವೂ ಓಡಿ ಹುಲ್ಲು ಸವೆದ ಕೆಂಪು ಮಣ್ಣು ಎಲ್ಲಿಯವರೆಗೆ, ಹಸಿರು ಎಲ್ಲಿಂದ ಎಂಬ ಗಡಿಯನ್ನು ಹಿನ್ನೆಲೆಯಲ್ಲೇ ಬಿಡಿಸಿಬಿಡಿ. ಹುಂಜ ನಿಲ್ಲುವುದು ಹಸಿರಿನ ಮೇಲೆ, ಗಡಿಯಿಂದ ಒಂದು ಗೇಣು ಆಚೆ. ಒಂದೂ ಮಾತಿಲ್ಲದೆ ಅದರ ಬುದ್ಧಿವಂತಿಕೆ ಗೊತ್ತಾಗುತ್ತದೆ.

ಓಟದಲ್ಲಿ ಹಗ್ಗ ನಾಯಿಯ ಹಿಂದೆ ಅಲೆಯಾಗಿ ಬರುತ್ತದೆ. ಅಲೆಯ ಎತ್ತರ 60 ಪಿಕ್ಸೆಲ್‌ನಿಂದ ಶುರುವಾಗಿ, ಕೊನೆಯ ಒಂದು ಸುತ್ತಿನಲ್ಲಿ 40, 20, ಸೊನ್ನೆ ಎಂದು ಇಳಿಯಲಿ. ಚುರುಕು ಕಣ್ಣಿನವರು ಅಲ್ಲೇ ನಗುತ್ತಾರೆ.

265ನೇ ಫ್ರೇಮ್: ಹಗ್ಗ ನೆಟ್ಟಗೆ, ಅಳತೆಪಟ್ಟಿ ಇಟ್ಟು ಎಳೆದಂತೆ. ಇಡೀ ಚಿತ್ರದಲ್ಲಿ ಪೂರ್ತಿ ಸರಳರೇಖೆ ಇದೊಂದೇ ಆಗಿದ್ದರೆ ಅದರ ಬಿರುಸು ಇಮ್ಮಡಿಯಾಗುತ್ತದೆ. ನಿಲ್ಲುವುದು ಕೊರಳು ಮಾತ್ರ. ಮೈ ಓಡುತ್ತಲೇ ಇದೆ. ಮುಂದಿನ ಮೂರು ಫ್ರೇಮಿನಲ್ಲಿ ಸೊಂಟ ಮತ್ತು ಹಿಂಗಾಲು ತಲೆಯನ್ನು ದಾಟಿ ಮುಂದೆ ಹಾರುತ್ತವೆ, ನಾಯಿ ಕೊರಳ ಸುತ್ತ ಅರ್ಧ ತಿರುಗುತ್ತದೆ. ಗಾಳಿಯಲ್ಲಿ ಆ ಭಂಗಿಗೆ ಆರು ಫ್ರೇಮ್ ತಡೆ ಕೊಡಿ. ಆಮೇಲೆ ಹಿಂದಕ್ಕೆ ಎಳೆದು ಬೀಳುವುದು 14 ಫ್ರೇಮ್. ಬೀಳುವ ಅಂತರಗಳನ್ನು 1, 3, 5, 7 ಎಂಬ ಬೆಸ ಸಂಖ್ಯೆಗಳ ಅನುಪಾತದಲ್ಲಿ ಹೆಚ್ಚಿಸಿ. ಭೂಮಿಯ ಸೆಳೆತಕ್ಕೆ ಬೀಳುವ ವಸ್ತು ಸಮಾನ ಕಾಲಗಳಲ್ಲಿ ಕ್ರಮಿಸುವ ದೂರ ಅದೇ ಲೆಕ್ಕ. ಸಮ ಅಂತರದಲ್ಲಿ ಇಳಿಸಿದರೆ ಅದು ಬಿದ್ದಂತಲ್ಲ, ಇಳಿದಂತೆ.

ಕ್ಯಾಮೆರಾ ನಾಯಿಯ ಜೊತೆಗೇ ನಿಲ್ಲಬಾರದು. 35, 28, 20, 13, 7, 2 ಪಿಕ್ಸೆಲ್ ಎಂದು ಆರು ಫ್ರೇಮ್ ಮುಂದೆ ಜಾರಿ ನಿಲ್ಲಲಿ. ಆ ಜಾರಿಕೆಯಲ್ಲೇ ಹಸಿರಿನ ಮೇಲೆ ಹಾಯಾಗಿ ನಿಂತ ಹುಂಜ ಚೌಕಟ್ಟಿನೊಳಗೆ ಪೂರ್ತಿ ಬರುತ್ತದೆ. ಇಲ್ಲಿ ಕ್ಲೋಸಪ್‌ಗೆ ಕತ್ತರಿಸುವ ಆಸೆ ಬರುತ್ತದೆ, ಬೇಡ. ನಾಯಿ, ಹಗ್ಗ, ಗಡಿ, ಹುಂಜ ನಾಲ್ಕೂ ಒಂದೇ ಚೌಕಟ್ಟಿನಲ್ಲಿದ್ದರೆ ಮಾತ್ರ ಲೆಕ್ಕ ಪ್ರೇಕ್ಷಕನಿಗೆ ಹೊಂದುತ್ತದೆ.

ಮಾತು

ದನಿಯನ್ನು ಚಿತ್ರಕ್ಕಿಂತ ಮೊದಲೇ ರೆಕಾರ್ಡ್ ಮಾಡಿ. ಹಾಲಿವುಡ್ ಸ್ಟುಡಿಯೋಗಳಲ್ಲೂ ಇದೇ ಕ್ರಮ. ನಾಲ್ಕು ಸೆಕೆಂಡಿಗೆ ಹೊಂದುವ ಸಾಲು: "ಏನಪ್ಪಾ, ಹಗ್ಗ ಮುಗೀತಾ? ಅಳತೆ ಮಾಡಿಯೇ ನಿಂತಿದ್ದೀನಿ." ನಡುವೆ 16 ಫ್ರೇಮ್ ಮೌನ ಇಡಿ. ಅಡಾಸಿಟಿ ಎಂಬ ಸದ್ದು ತಿದ್ದುವ ಸಾಫ್ಟ್‌ವೇರ್‌ನಲ್ಲಿ ಅಕ್ಷರ ಅಕ್ಷರ ಗುರುತು ಹಾಕಿ, ಸೆಕೆಂಡನ್ನು 24ರಿಂದ ಗುಣಿಸಿ ಶೀಟಿಗೆ ಇಳಿಸಿ.

ಕೊಕ್ಕಿಗೆ ಆರು ಆಕಾರ ಸಾಕು: ಮುಚ್ಚಿದ್ದು, ಸೀಳು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು, ತುದಿ ಕೂಡಿಸಿ ಗುಂಡಗೆ ಮಾಡಿದ್ದು, ನಾಲಿಗೆ ಮೇಲೆ ತಾಗಿದ್ದು. ಪ, ಬ, ಮ ಬಂದಾಗ ಕೊಕ್ಕು ಮುಚ್ಚಲೇಬೇಕು, ಕನಿಷ್ಠ ಎರಡು ಫ್ರೇಮ್. ಕನ್ನಡದ ಒತ್ತಕ್ಷರಕ್ಕೆ ಅದೂ ಸಾಲದು. "ಏನಪ್ಪಾ"ದ ಪ್ಪ ಬಾಯಿ ಮುಚ್ಚಿಕೊಂಡೇ ತಡೆಯುತ್ತದೆ, ಅದಕ್ಕೆ ನಾಲ್ಕು ಫ್ರೇಮ್ ಕೊಡಿ. ಇಂಗ್ಲಿಷ್ ಪಾಠಗಳ ಬಾಯಿ ಚಾರ್ಟನ್ನೇ ನಂಬಿದವರ ಕನ್ನಡ ಲಿಪ್‌ಸಿಂಕ್ ತೊದಲಿದಂತೆ ಕಾಣುವುದು ಇದೇ ಕಾರಣಕ್ಕೆ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಮಾತು ಮುಗಿದೊಡನೆ ಕೊಕ್ಕನ್ನು ಪಟ್ಟನೆ ಮುಚ್ಚಬೇಡಿ. "ಮುಗೀತಾ" ನಂತರ ಆರು ಫ್ರೇಮ್ ತೆರೆದೇ ಇದ್ದು ಮೆಲ್ಲಗೆ ಕೂಡಲಿ. ಕೊಕ್ಕು ದನಿಗಿಂತ ಒಂದೆರಡು ಫ್ರೇಮ್ ಮುಂದಿದ್ದರೆ ಕಣ್ಣು ಒಪ್ಪುತ್ತದೆ. ಒಂದು ಫ್ರೇಮ್ ಹಿಂದೆ ಬಿದ್ದರೂ ಡಬ್ಬಿಂಗ್ ಎನಿಸುತ್ತದೆ.

ಆದರೂ ಮಾತನಾಡುವುದು ಮೈ, ಕೊಕ್ಕು ಅದರ ಸಹಾಯಕ. ಕೊಕ್ಕಿನ ಮೊದಲು ಐದು ಮುಖ್ಯ ಭಂಗಿ ಬಿಡಿಸಿ: ಸೊಂಟದ ಮೇಲೆ ರೆಕ್ಕೆ, ನಾಯಿಯತ್ತ ಬಾಗು, ಹಗ್ಗದತ್ತ ಬೆರಳು, ಎದೆ ಸೆಟೆ, ಬೆನ್ನು ತಿರುಗಿಸು. ಸದ್ದು ಆರಿಸಿ ಆಡಿಸಿದಾಗಲೂ ಹುಂಜ ಹಂಗಿಸುತ್ತಿದೆ ಎಂದು ಗೊತ್ತಾಗಬೇಕು.

ಪೆನ್ಸಿಲ್ ಟೆಸ್ಟ್

ಬಣ್ಣ ಹಾಕುವ ಮುಂಚೆ ಒರಟು ಗೆರೆಯಲ್ಲೇ ಪೂರ್ತಿ ಜೋಡಿಸಿ, ಮೊದಲು ಸದ್ದಿಲ್ಲದೆ, ಗ್ಯಾಗ್ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ವಿವರಣೆ ಕೊಡಬೇಡಿ. ಅವರ ನಗು ಹಗ್ಗ ಮುಗಿದ ಫ್ರೇಮಿನ ನಂತರ ಬಂದರೆ ಸರಿ ಇದೆ. ಪೆಟ್ಟಿಗೇ ನಕ್ಕು ಹಗ್ಗಕ್ಕೆ ಸುಮ್ಮನಾದರೆ ಅಟ್ಟಾಟ ಉದ್ದವಾಗಿದೆ, ಒಂದು ಸುತ್ತು ಕಡಿಮೆ ಮಾಡಿ. ತಾಳ ತಪ್ಪದಂತೆ ಪೂರ್ತಿ 12 ಫ್ರೇಮನ್ನೇ ತೆಗೆಯಿರಿ. "ಈಗ ಏನಾಯ್ತು?" ಎಂದು ಕೇಳಿದರೆ ಗಾಳಿಯಲ್ಲಿನ ಆರು ಫ್ರೇಮ್ ತಡೆಯನ್ನು ಎಂಟಕ್ಕೇರಿಸಿ, ಆ ಎರಡನ್ನು ಬೀಳುವ 14ರಿಂದ ಕಳೆಯಿರಿ.

ಬಣ್ಣದ ಹಂತದಲ್ಲಿ ಹಗ್ಗ ಬೇರೆಯದೇ ಲೇಯರಿನಲ್ಲಿರಲಿ, ನಾಯಿಯ ಲೇಯರಿನ ಕೆಳಗೆ, ಕೊರಳಪಟ್ಟಿ ಮಾತ್ರ ಮೇಲೆ. ಕೊನೆಯ 12 ಫ್ರೇಮಿನ ಮಿಡಿತಕ್ಕೆ ಹಗ್ಗವೊಂದೇ ಅಲುಗಬೇಕು: ಎರಡು ಫ್ರೇಮ್ ಮೇಲೆ, ಎರಡು ಕೆಳಗೆ, ಎತ್ತರ 16, 8, 4 ಪಿಕ್ಸೆಲ್ ಎಂದು ಇಳಿಯುತ್ತಾ. ಹಗ್ಗ ನಾಯಿಯ ಲೇಯರಿನಲ್ಲೇ ಸೇರಿಹೋಗಿದ್ದರೆ ಅಷ್ಟಕ್ಕಾಗಿ ನಾಯಿಯನ್ನೂ ಮತ್ತೆ ಮತ್ತೆ ಬಿಡಿಸಬೇಕಾಗುತ್ತದೆ, ಸುಮ್ಮನೆ ಕುಳಿತ ನಾಯಿಯ ಗೆರೆ ಕುದಿಯುವಂತೆ ನಡುಗುತ್ತದೆ.